ಜೀಪಿನ ಪಾಲನೆ: ಊರಿಗೆ ಗಾಡಿ ಕೊಡಿಸುವವರು ತಿಳಿಯತಕ್ಕ ಸಂಗತಿಗಳು

ಗಲ್ಲಾದ ಮುಂದೆ ಕುಳಿತೋ, ಅಡಿಗೆಮನೆಯ ಒಲೆಯ ಕಾವಿನಲ್ಲಿ ಬೆಂದೋ, ಕಚೇರಿಯ ಕಡತಗಳ ನಡುವೆ ಕಣ್ಣು ಸವೆಯಿಸಿಯೋ ಕೂಡಿಟ್ಟ ಹಣದಿಂದ ಊರಿನಲ್ಲಿರುವ ತಮ್ಮನಿಗೆ ಒಂದು ಹಳೆಯ ಜೀಪನ್ನು ಕೊಡಿಸಬೇಕೆಂಬ ಆಸೆ ನಮ್ಮ ವಾಚಕರಲ್ಲಿ ಹಲವರಿಗುಂಟು. ಘಟ್ಟದ ಅಂಚಿನ ಊರುಗಳಲ್ಲಿ ಜೀಪೆಂದರೆ ಒಂದು ಕುಟುಂಬದ ಜೀವನೋಪಾಯ. ಕೊಲ್ಲೂರಿಗೆ ಬಂದ ಯಾತ್ರಿಕರು 1,343 ಮೀಟರ್ ಎತ್ತರದ ಕೊಡಚಾದ್ರಿಯ ಸರ್ವಜ್ಞಪೀಠವನ್ನು ಕಾಣಲು ಹೊರಡುವುದು ಇಂಥ ಗಾಡಿಗಳಲ್ಲಿಯೇ. ಆ ಕಲ್ಲುಕೊರಕಲಿನ ದಾರಿಯಲ್ಲಿ ಗಾಡಿಯ ಸ್ಥಿತಿಗೂ ಕುಳಿತವರ ಪ್ರಾಣಕ್ಕೂ ಇರುವ ಅಂತರ ಬಹಳ ಕಿರಿದು. ಹಣ ಕಳುಹಿಸುವವನು ಮುಂಬಯಿಯಲ್ಲಿದ್ದರೂ ಗಾಡಿಯ ಮರ್ಮವನ್ನು ಸ್ವಲ್ಪವಾದರೂ ಬಲ್ಲವನಾಗಿರಬೇಕೆಂದು ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ಜೀಪು ಯುದ್ಧದ ಕೂಸು. ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು 1941ರಿಂದ 1945ರ ವರೆಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಕಟ್ಟಿದವು. ಯುದ್ಧ ಮುಗಿದ ಮೇಲೆ ನಮ್ಮ ದೇಶದಲ್ಲಿ ಅವುಗಳ ಜೋಡಣೆ ಆರಂಭವಾದದ್ದು ಇದೇ ಮುಂಬಯಿಯ ಮಝಗಾಂವದಲ್ಲಿ. ಆ ಕೆಲಸ ಕೈಗೊಂಡ ಸಂಸ್ಥೆ 1945ರಲ್ಲಿ ಹುಟ್ಟಿದಾಗ ಅದರ ಹೆಸರು ಮಹೀಂದ್ರ ಆಂಡ್ ಮೊಹಮ್ಮದ್ ಎಂದಿತ್ತು. ಪಾಲುದಾರ ಗುಲಾಂ ಮೊಹಮ್ಮದರು ದೇಶವಿಭಜನೆಯ ಬಳಿಕ ಪಾಕಿಸ್ತಾನದ ಮೊದಲ ಅರ್ಥಸಚಿವರಾದರು, 1948ರಲ್ಲಿ ಕಂಪೆನಿ ಮಹೀಂದ್ರ ಆಂಡ್ ಮಹೀಂದ್ರವಾಯಿತು. ಇಂದು ಊರಿನಲ್ಲಿ ಓಡುವ ಜೀಪುಗಳಲ್ಲಿ ಹೆಚ್ಚಿನವು ಡೀಸೆಲಿನವು. ಆದರೂ ಎರಡು ಅಚ್ಚು, ನಡುವೆ ಗೇರಿನ ಪೆಟ್ಟಿಗೆ, ಕೆಳಗೆ ಏಣಿಯಂಥ ಚಾಸಿ ಎಂಬ ಮೂಲ ರಚನೆ ಅವುಗಳಲ್ಲಿಯೂ ಉಳಿದಿದೆ.

ಮೊದಲು ಬ್ರೇಕಿನ ಮಾತು. ಹಳೆಯ ಮಾದರಿಯ ಜೀಪಿನಲ್ಲಿ ನಾಲ್ಕೂ ಗಾಲಿಗಳಿಗೆ ಒಂದೇ ಮಾಸ್ಟರ್ ಸಿಲಿಂಡರಿನಿಂದ ಒತ್ತಡ ಹೋಗುತ್ತದೆ. ಎಲ್ಲಿಯೋ ಒಂದು ಕಡೆ ಕೊಳವೆ ಒಡೆದರೆ ನಾಲ್ಕು ಗಾಲಿಗಳೂ ಒಟ್ಟಿಗೇ ಕೈಬಿಡುತ್ತವೆ. ಈ ಸಿಲಿಂಡರು ಕಾಲಡಿಯ ತಗಡಿನ ಕೆಳಗೆ ಅಡಗಿರುವುದರಿಂದ ತಿಂಗಳುಗಟ್ಟಲೆ ಯಾರೂ ಅದರ ಮುಚ್ಚಳ ತೆಗೆಯುವುದಿಲ್ಲ. ವಾರಕ್ಕೊಮ್ಮೆ ತೆಗೆದು ನೋಡತಕ್ಕದ್ದು. ತೈಲ ಇಳಿದಿದ್ದರೆ ಸುರಿದು ತುಂಬಿಸಿ ಸುಮ್ಮನಾಗದೆ, ಅದು ಎಲ್ಲಿಗೆ ಹೋಯಿತೆಂಬುದನ್ನು ಹುಡುಕಬೇಕು. ಗಾಲಿಯ ಒಳಮೈಯಲ್ಲಿ ಒದ್ದೆಯ ಗುರುತು ಕಂಡರೆ ಅಲ್ಲಿನ ರಬ್ಬರು ಸವೆದಿದೆಯೆಂದೇ ತಿಳಿಯಬಹುದು. ಬ್ರೇಕಿನ ತೈಲ ಸಿಗಲಿಲ್ಲವೆಂದು ಇಂಜಿನಿನ ಎಣ್ಣೆಯನ್ನೋ, ತೊಳೆಯಲಿಕ್ಕೆಂದು ಸೀಮೆಎಣ್ಣೆಯನ್ನೋ ಅದರಲ್ಲಿ ಬೆರೆಸಿದರೆ ರಬ್ಬರಿನ ಬಟ್ಟಲುಗಳು ಉಬ್ಬಿ ಹಾಳಾಗುತ್ತವೆ. ಇಂಥ ಮಿತವ್ಯಯವನ್ನು ಮಾಡುವವರನ್ನು ನಾವು ಕಂಡಿದ್ದೇವೆ. ಅಂಥವರ ಗಾಡಿಯಲ್ಲಿ ಘಟ್ಟ ಇಳಿಯಲು ನಾವಂತೂ ಒಪ್ಪಲಾರೆವು.

ಕೈಬ್ರೇಕು ಇದೆಯಲ್ಲ ಎಂದು ಕೆಲವರು ಧೈರ್ಯ ಹೇಳುವುದುಂಟು. ಆದರೆ ಈ ಗಾಡಿಗಳಲ್ಲಿ ಅದು ಗಾಲಿಯನ್ನು ಹಿಡಿಯುವುದಿಲ್ಲ. ಗೇರಿನ ಪೆಟ್ಟಿಗೆಯ ಹಿಂಬದಿಯಲ್ಲಿ, ತಿರುಗುವ ಶಾಫ್ಟಿನ ಬುಡದಲ್ಲಿರುವ ಒಂದು ಡ್ರಮ್ಮನ್ನು ಹಿಡಿಯುತ್ತದೆ. ಆ ಶಾಫ್ಟಿನ ಕ್ರಾಸು ಮುರಿಯಿತೆಂದರೆ ಹಿಂದಿನ ಗಾಲಿಗಳಿಗೆ ಅದರ ಹಿಡಿತ ತಲಪುವುದಿಲ್ಲ. ಪೆಟ್ಟಿಗೆಯ ಆಯಿಲ್ ಸೀಲು ಸೋರಿ ಡ್ರಮ್ಮಿಗೆ ಎಣ್ಣೆ ಹತ್ತಿದರೆ ಕೈಬ್ರೇಕನ್ನು ಎಷ್ಟು ಎಳೆದರೂ ಅದು ಜಾರುತ್ತದೆ. ಸೋರುವ ಸೀಲಿಗೆ ‘ಹಳೇ ಗಾಡಿ ಅಲ್ಲವೇ, ಸ್ವಲ್ಪ ಸೋರುತ್ತದೆ’ ಎಂಬ ಸಮಾಧಾನ ಸಲ್ಲದು. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿಹಿಡಿದು ಬಂದರೆ ಡ್ರಮ್ಮುಗಳು ಕಾದು ಹಿಡಿತ ಕುಂದುತ್ತದೆ. ಕೆಳಗಿನ ಗೇರಿನಲ್ಲಿಟ್ಟು ಇಂಜಿನಿನ ತಡೆಯಿಂದಲೇ ಇಳಿಯಬೇಕು.

ನಾಲ್ಕು ಗಾಲಿಯ ಓಟದ ವಿಷಯದಲ್ಲಿಯೂ ಒಂದು ಭ್ರಮೆ ಬಲವಾಗಿದೆ. ಮುಂದಿನ ಗಾಲಿಗಳನ್ನೂ ಜೋಡಿಸಿದರೆ ಗಾಡಿ ಎಲ್ಲ ಕಡೆಯೂ ಚೆನ್ನಾಗಿ ಓಡುತ್ತದೆಂದು ಹುಡುಗರು ಡಾಂಬರು ರಸ್ತೆಯಲ್ಲಿಯೂ ಆ ಕೋಲನ್ನು ಎಳೆದೇ ಇಡುತ್ತಾರೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸುತ್ತುತ್ತವೆ. ಕೆಸರಿನಲ್ಲಾದರೆ ಗಾಲಿ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ; ಒಣ ಡಾಂಬರಿನಲ್ಲಿ ಜಾರಲು ಅವಕಾಶವಿಲ್ಲದೆ ಶಾಫ್ಟುಗಳೇ ಹುರಿಗೊಂಡಂತಾಗಿ, ಗೇರು ಬಿಗಿದುಕೊಂಡು, ಕೊನೆಗೆ ಕ್ರಾಸೋ ಹಲ್ಲೋ ಮುರಿಯುತ್ತದೆ. ಕೋಲು ಬಿಡಿಸಲು ಬಾರದಿದ್ದರೆ ಸುತ್ತಿಗೆ ಹಿಡಿಯಬೇಕಾಗಿಲ್ಲ. ಗಾಡಿಯನ್ನು ನಾಲ್ಕು ಮಾರು ಹಿಂದಕ್ಕೆ ನಡೆಸಿದರೆ ಸಾಮಾನ್ಯವಾಗಿ ಸಡಿಲುತ್ತದೆ.

ಮಳೆಗಾಲದ ಹೊಳೆ ದಾಟಿದ ಮೇಲೆ ಎರಡು ಕೆಲಸ ತಪ್ಪಬಾರದು. ಬ್ರೇಕನ್ನು ಮೆಲ್ಲಗೆ ಒತ್ತುತ್ತ ಸ್ವಲ್ಪ ದೂರ ಓಡಿಸಿ ಒದ್ದೆಯಾದ ಲೈನಿಂಗನ್ನು ಒಣಗಿಸಬೇಕು. ಮತ್ತೆ, ಓಡಿ ಕಾದ ಅಚ್ಚಿನ ಪೆಟ್ಟಿಗೆ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಮೂಲಕ ನೀರನ್ನು ಒಳಕ್ಕೆ ಎಳೆಯುತ್ತದೆ. ಮರುದಿನ ಪಕ್ಕದ ತಿರುಪನ್ನು ಬಿಚ್ಚಿ ಬೆರಳು ಅದ್ದಿ ನೋಡಬೇಕು. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಈ ಬಣ್ಣವನ್ನು ನಮ್ಮ ಹೊಟೇಲಿನ ಬಂಧುಗಳಿಗೆ ವಿವರಿಸಬೇಕಾಗಿಲ್ಲ. ಅಂಥ ಎಣ್ಣೆಯನ್ನು ಆಗಲೇ ಬದಲಾಯಿಸಬೇಕು, ಇಲ್ಲವಾದರೆ ಬೇರಿಂಗು ತುಕ್ಕು ಹಿಡಿಯುತ್ತದೆ.

ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು ಶತ್ರು. ಹಳೆಯ ಗಾಡಿಗಳ ಗಾಳಿಶೋಧಕದ ಬಟ್ಟಲಿನಲ್ಲಿ ಇಂಜಿನಿನ ಎಣ್ಣೆಯಿರುತ್ತದೆ, ಧೂಳು ಅದರಲ್ಲಿ ಕುಳಿತು ಕೆಸರಾಗುತ್ತದೆ. ಅದನ್ನು ಆಗಾಗ ಚೆಲ್ಲಿ, ತೊಳೆದು, ಗೆರೆಯ ಮಟ್ಟಕ್ಕೆ ಮಾತ್ರ ಹೊಸ ಎಣ್ಣೆ ಹಾಕಬೇಕು. ಗೆರೆ ಮೀರಿ ತುಂಬಿದರೆ ಎಣ್ಣೆಯನ್ನು ಇಂಜಿನು ಹೀರುತ್ತದೆ. ಡೀಸೆಲ್ ಇಂಜಿನಾದರೆ ಅದನ್ನೇ ಇಂಧನವಾಗಿಸಿಕೊಂಡು ಅಂಕೆಮೀರಿ ಓಡುವ ಅಪಾಯವೂ ಇದೆ.

ವಿಲ್ಲೀಸ್ ಕಾಲದ ಜೀಪು ಕೈಗೆ ಬಂದರೆ ಮತ್ತೊಂದು ವಿಚಿತ್ರವನ್ನು ನೆನಪಿಡಬೇಕು: ಅದರ ಎಡಬದಿಯ ಗಾಲಿಗಳ ನಟ್ಟುಗಳು ಉಲ್ಟಾ ಮರೆಯವು. ಬಿಚ್ಚುತ್ತಿದ್ದೇನೆಂದು ಪಾನದ ಮೇಲೆ ಹತ್ತಿ ನಿಂತ ಹುಡುಗ ನಟ್ಟನ್ನು ಬಿಗಿಯುತ್ತಲೇ ಹೋಗಿ ಬೋಲ್ಟನ್ನು ತುಂಡರಿಸುತ್ತಾನೆ.

ಕೊಳ್ಳುವಾಗ ಹೊಸ ಬಣ್ಣಕ್ಕೆ ಮರುಳಾಗಬಾರದು. ಕರಾವಳಿಯ ಉಪ್ಪುಗಾಳಿ ಚಾಸಿಯನ್ನು ಒಳಗಿನಿಂದ ತಿನ್ನುತ್ತದೆ. ಅಡಿಯಲ್ಲಿ ಮಲಗಿ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿದರೆ ಗಟ್ಟಿ ಉಕ್ಕು ಖಣಿಲೆನ್ನುತ್ತದೆ, ಕೊಳೆತದ್ದು ಮಂಕಾಗಿ ನುಡಿಯುತ್ತದೆ. ಸ್ಪ್ರಿಂಗಿನ ಪ್ಲೇಟುಗಳು ಚಾಸಿಗೆ ಕೂಡುವ ಸ್ಥಳದಲ್ಲಿ ಬಿರುಕನ್ನೂ ಹೊಸ ಬೆಸುಗೆಯನ್ನೂ ಹುಡುಕಬೇಕು. ಮುಂದಿನ ಗಾಲಿಯನ್ನು ಜಾಕಿನ ಮೇಲೆ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿದಾಗ ಆಟ ಕಂಡರೆ ಗಾಲಿಯ ಬೇರಿಂಗೋ ಕಿಂಗ್‌ಪಿನ್ನಿನ ಬೇರಿಂಗೋ ಸವೆದಿದೆ. ವೇಗದಲ್ಲಿ ಚುಕ್ಕಾಣಿ ನಡುಗುವುದಕ್ಕೆ ಅದು ಒಂದು ಮುಖ್ಯ ಕಾರಣ.

ಬಿಡಿಭಾಗಗಳ ವಿಷಯದಲ್ಲಿ ಪರವೂರಿನಲ್ಲಿರುವ ನಮಗೆ ಒಂದು ಅನುಕೂಲವಿದೆ. ಊರಿನ ಮಿಸ್ತ್ರಿಗೆ ಸಿಗದ ಸಾಮಾನಿಗಾಗಿ ಮುಂಬಯಿಯ ಕುರ್ಲಾ, ಚೆನ್ನೈಯ ಪುದುಪೇಟೆ, ದಿಲ್ಲಿಯ ಕಾಶ್ಮೀರಿ ಗೇಟುಗಳನ್ನು ಸುತ್ತಬಹುದು. ಹಳೆಯ ತುಂಡನ್ನು ತರಿಸಿಕೊಂಡು, ಅಳತೆ ಹೋಲಿಸಿಯೇ ಕೊಳ್ಳಬೇಕು. ಗೇರಿನ ಪೆಟ್ಟಿಗೆಯ ಹೊರಕವಚ, ಬಾನೆಟ್ಟು ಮುಂತಾದವು ಹಳೆಯವಾದರೂ ನಡೆಯುತ್ತವೆ. ಸೀಲು, ಬೇರಿಂಗು, ಬ್ರೇಕಿನ ರಬ್ಬರು, ಕೊಳವೆ ಇವುಗಳನ್ನು ಗುಜರಿಯಲ್ಲಿ ಕೊಳ್ಳಲೇಕೂಡದು.

ಕಾಗದಪತ್ರಗಳನ್ನೂ ಹಣ ಕೊಡುವ ಮೊದಲೇ ನೋಡತಕ್ಕದ್ದು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. ಬಿಳಿಯ ಫಲಕದ ಗಾಡಿಯಲ್ಲಿ ಬಾಡಿಗೆಗೆ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಹಾಗೆ ಸಾಗಿಸುವಾಗ ಅಪಘಾತವಾದರೆ ವಿಮೆಯ ಕಂಪೆನಿ ತಕರಾರು ತೆಗೆಯುತ್ತದೆ, ಪರಿಹಾರದ ಹೊರೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವರ ತಲೆಗೆ ಬರುವ ಸಂಭವವಿದೆ. ಅನೇಕ ಮನೆಗಳಲ್ಲಿ ಆ ಹೆಸರು ಓಡಿಸುವ ತಮ್ಮನದಲ್ಲ, ಹಣ ಕಳುಹಿಸಿದ ಅಣ್ಣನದು.