ಭಾರದ ಕೇಬಲ್‌ಗೂ ಒಂದು ಆಸರೆ ಕೊಡಿ



"ನಿಮ್ಮ ಕನ್ನಡ ಕಾರ್ಯಕ್ರಮದ ನಡುವೆ ಚರಚರ ಸದ್ದು ಬರುತ್ತೆ, ಒಮ್ಮೊಮ್ಮೆ ಸೆಟ್ಟೇ ಆಫ್ ಆಗಿಬಿಡುತ್ತೆ" ಎಂದು ಕೆಲವರು ಹೇಳುವುದುಂಟು. ಪ್ರತಿ ಸಲವೂ ತಪ್ಪು ನಮ್ಮ ಸ್ಟುಡಿಯೋದ್ದಲ್ಲ! ಒಮ್ಮೆ ನಿಮ್ಮ ಆಂಪ್ಲಿಫೈಯರ್ ಹಿಂದೆ ಇಣುಕಿ ನೋಡಿ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ತೆಳುವಾದ ಪವರ್ ಕೇಬಲ್ ತೆಗೆದು, ಹೆಬ್ಬೆರಳು ದಪ್ಪದ ಹೊಸದನ್ನು ಹಾಕಿದ್ದೆ. ಅದು ಕಪಾಟಿನಿಂದ ನೆಲದವರೆಗೆ ನೇತಾಡುತ್ತಿತ್ತು. ಎರಡೇ ತಿಂಗಳಲ್ಲಿ ಪ್ಲಗ್ ಕೆಳಕ್ಕೆ ವಾಲಿತು. ಮುಟ್ಟಿದರೆ ಬಿಸಿ!

ಕಾರಣ ಸರಳ. ಕಂಪ್ಯೂಟರಿಗೂ ಆಂಪ್ಲಿಫೈಯರಿಗೂ ಸಾಮಾನ್ಯವಾಗಿ ಒಂದೇ ನಮೂನೆಯ ಮೂರು ಪಿನ್ನಿನ ಸಾಕೆಟ್ ಇರುತ್ತದೆ. ಅಲ್ಲಿ ಸ್ಕ್ರೂ ಇಲ್ಲ, ಬೀಗವಿಲ್ಲ. ಪ್ಲಗ್ಗಿನೊಳಗಿನ ಲೋಹದ ಹಿಡಿಕೆಗಳು ಬಟ್ಟೆ ಕ್ಲಿಪ್ಪಿನಂತೆ ಪಿನ್ನುಗಳನ್ನು ಕಚ್ಚಿಕೊಂಡಿರುತ್ತವೆ, ಅಷ್ಟೆ. ಭಾರ ಜಗ್ಗಿದಂತೆ ಆ ಹಿಡಿತ ಸಡಿಲವಾಗುತ್ತದೆ. ಕೆಲವು ಸೆಟ್ಟುಗಳಲ್ಲಿ ಒಳಗಿನ ಬೆಸುಗೆಯೂ ಬಿರುಕು ಬಿಡುತ್ತದೆ.

ಹಿಡಿತ ಸಡಿಲವಾದಲ್ಲಿ ಶಾಖ ಹುಟ್ಟುತ್ತದೆ. 2 ಆಂಪಿಯರ್ ವಿದ್ಯುತ್ ಹರಿಯುವಾಗ ಆ ಜಾಗದಲ್ಲಿ ಅರ್ಧ ಓಮ್ ಅಡ್ಡಿ ಇದ್ದರೂ 2 ವ್ಯಾಟ್ ಶಾಖ. ಅಕ್ಕಿಕಾಳಿನಷ್ಟು ಜಾಗಕ್ಕೆ ಅದು ಕಡಿಮೆಯೇನಲ್ಲ. ಮುಂಬಯಿ, ಚೆನ್ನೈಯಂಥ ಕಡಲೂರುಗಳಲ್ಲಿ ಉಪ್ಪುಗಾಳಿಗೆ ಲೋಹ ಬೇಗ ಮಂಕಾಗುತ್ತದೆ, ಅಡ್ಡಿ ಇನ್ನೂ ಹೆಚ್ಚುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮೂರರಲ್ಲಿ ನಡುವಿನದು ಅರ್ತ್ ಪಿನ್. ಅದರ ಸಂಪರ್ಕ ತಪ್ಪಿದರೂ ಹಾಡು ಬರುತ್ತಲೇ ಇರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಆದರೆ ಒಳಗೆ ಏನಾದರೂ ಕೆಟ್ಟ ದಿನ ಪೆಟ್ಟಿಗೆಯ ಲೋಹದ ಮೈಗೇ ಕರೆಂಟ್ ಬರಬಹುದು. ಮಕ್ಕಳಿರುವ ಮನೆಯಲ್ಲಿ ಇದನ್ನು ಕಡೆಗಣಿಸಬೇಡಿ.

ಹಾಗಾದರೆ ಏನು ಮಾಡಬೇಕು?

ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಅಲ್ಲಿಂದ ಪ್ಲಗ್ ತೆಗೆಯಿರಿ. ಸೆಟ್ಟಿನ ಹಿಂದೆ ಕೇಬಲ್ ಸಾಕೆಟ್ಟಿನ ಮಟ್ಟದಲ್ಲೇ ನೇರವಾಗಿ ಹೊರಬರುವಂತೆ ಅದರ ಕೆಳಗೆ ಒಂದು ಮರದ ತುಂಡು ಇಡಿ. ಜಾಗವಿಲ್ಲದಿದ್ದರೆ ವೆಲ್ಕ್ರೋ ಪಟ್ಟಿಯಿಂದ ಕೇಬಲನ್ನು ಸ್ಟ್ಯಾಂಡಿನ ಕಾಲಿಗೆ ಕಟ್ಟಿ. ಭಾರವನ್ನು ಆ ಕಾಲು ಹೊರಲಿ, ಪ್ಲಗ್ ಅಲ್ಲ. ಕಟ್ಟಿದ ಜಾಗಕ್ಕೂ ಪ್ಲಗ್ಗಿಗೂ ನಡುವೆ ತುಸು ಸಡಿಲ ಬಿಡಿ. ದಪ್ಪ ಕೇಬಲನ್ನು ಗೋಡೆಗೆ ಒತ್ತಿ ಮಡಚಬೇಡಿ. ಗಾಳಿಕಿಂಡಿ ಮುಚ್ಚಬೇಡಿ. ಸ್ಪೀಕರ್, ಸಿಗ್ನಲ್ ವೈರುಗಳ ಜೊತೆ ಒಂದೇ ಕಟ್ಟು ಹಾಕಬೇಡಿ, ಗುಂಯ್ ಎನ್ನುವ ಸದ್ದು ಸೇರಿಕೊಳ್ಳಬಹುದು.

ಆಸರೆ ಕೊಟ್ಟ ಮೇಲೂ ಪ್ಲಗ್ ಅಲುಗಾಡಿದರೆ, ಬಿಸಿಯಾದರೆ, ಕಪ್ಪಾಗಿದ್ದರೆ ಸೆಟ್ ಹಾಕಲೇಬೇಡಿ. ಟೇಪ್ ಸುತ್ತಿ ಸುಮ್ಮನಾಗುವುದೂ ಬೇಡ. ಕೇಬಲ್ ಬದಲಿಸಿ, ಸಾಕೆಟ್ಟನ್ನು ಮೆಕ್ಯಾನಿಕ್‌ಗೆ ತೋರಿಸಿ.

ಇನ್ನೊಂದು ಮಾತು. ಮನೆಯ ಸಾಧಾರಣ ಸೆಟ್ಟಿಗೆ 1 ಚದರ ಮಿಲಿಮೀಟರಿನ ಒಳ್ಳೆಯ ತಾಮ್ರದ ಕೇಬಲ್ ಧಾರಾಳ ಸಾಕು. ನಾನು ಕೊನೆಗೆ ಹಳೆಯ ತೆಳು ಕೇಬಲ್ಲನ್ನೇ ಮತ್ತೆ ಹಾಕಿದೆ. ಹಾಡು ಮೊದಲಿನಷ್ಟೇ ಇಂಪಾಗಿದೆ, ಚರಚರ ಮಾತ್ರ ಇಲ್ಲ!

ಈ ಭಾನುವಾರ ಐದು ನಿಮಿಷ ಬಿಡುವು ಮಾಡಿಕೊಳ್ಳಿ. ಆಮೇಲೆ ಎಂದಿನ ಹೊತ್ತಿಗೆ ರೇಡಿಯೋದಲ್ಲಿ ಭೇಟಿಯಾಗೋಣ.