ಹೆಗಲು ಮರೆಯದ ‘ತ್ರೀ ನಾಟ್ ತ್ರೀ’: ಇಛಾಪುರದ ಕೋವಿಗೆ ಕಡಲಾಚೆ ಎರಡನೇ ಬಾಳು

ಕಾಲೇಜು ದಿನಗಳಲ್ಲಿ ಎನ್‌ಸಿಸಿ ಸೇರಿದ್ದವರಿಗೆ ಆ ಭಾರ ಇಂದಿಗೂ ನೆನಪಿರುತ್ತದೆ. ಮಂಗಳೂರು, ಉಡುಪಿ, ಮೈಸೂರು, ಧಾರವಾಡದ ಮೈದಾನಗಳಲ್ಲಿ ಬೆಳಗಿನ ಕವಾಯತಿಗೆ ನಿಂತು, ‘ಸಲಾಮಿ ಶಸ್ತ್ರ’ ಎಂಬ ಆದೇಶಕ್ಕೆ ಎದೆಯ ಮುಂದೆ ಎತ್ತಿ ಹಿಡಿದ ಆ ರೈಫಲ್ಲಿನ ತೂಕ ಸುಮಾರು 4 ಕಿಲೋ. ಉದ್ದದ ಮರ, ಎಣ್ಣೆ ಹಚ್ಚಿದ ಉಕ್ಕು, ಹಿತ್ತಾಳೆಯ ತಳಪಟ್ಟಿ. ಕೆಡೆಟ್‌ಗಳ ಬಾಯಲ್ಲಿ ಅದರ ಹೆಸರು ‘ತ್ರೀ ನಾಟ್ ತ್ರೀ’. ಕವಾಯತಿಗೆ ಕೊಡುತ್ತಿದ್ದವುಗಳಲ್ಲಿ ಹೆಚ್ಚಿನವು ಗುಂಡು ಹಾರಿಸಲಾಗದಂತೆ ಮಾಡಿ ‘ಡಿಪಿ’ ಎಂದು ಮುದ್ರೆ ಒತ್ತಿದ ಹಳೆಯ ಕೋವಿಗಳು. ಗುರಿ ಹೊಡೆಯಲು ಹೆಚ್ಚಾಗಿ ಸಿಗುತ್ತಿದ್ದುದು ಸಣ್ಣ .22 ರೈಫಲ್.

ನಮ್ಮವರು ಹೆಗಲಿನಿಂದ ಇಳಿಸಿ ಮರೆತ ಅದೇ ಕೋವಿಯನ್ನು ಇಂದು ಅಮೆರಿಕ, ಕೆನಡಾ, ಇಂಗ್ಲೆಂಡ್‌ಗಳಲ್ಲಿ ಹುಡುಕಿ ಕೊಳ್ಳುವವರಿದ್ದಾರೆ. ಅದರ ಮೇಲಿನ ಮುದ್ರೆಗಳನ್ನು ಓದಿ, ರವಿವಾರ ಶೂಟಿಂಗ್ ಮೈದಾನಕ್ಕೆ ಒಯ್ದು ನಾಲ್ಕು ಗುಂಡು ಹಾರಿಸಿ, ಮತ್ತೆ ಒರೆಸಿ ಇಡುತ್ತಾರೆ. ಸೇನೆ ಬೇಡವೆಂದು ಬಿಟ್ಟ ಶಸ್ತ್ರಗಳ ಸಂಗ್ರಹ ಎಂಬ ಈ ಹವ್ಯಾಸದಲ್ಲಿ ಭಾರತದ ಕಾರ್ಖಾನೆಯೊಂದಕ್ಕೆ ತನ್ನದೇ ಆದ ಸ್ಥಾನವಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಎನ್‌ಫೀಲ್ಡ್‌ನಿಂದ ಇಛಾಪುರಕ್ಕೆ

ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಜೇಮ್ಸ್ ಪ್ಯಾರಿಸ್ ಲೀ ಎಂಬಾತ ರೂಪಿಸಿದ ಬೋಲ್ಟ್ ಮತ್ತು ಮ್ಯಾಗಝಿನ್ ಈ ರೈಫಲ್ಲಿನ ಮೂಲ. 1888ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಮೊದಲ ರೂಪಕ್ಕೆ ‘ಲೀ ಮೆಟ್‌ಫೋರ್ಡ್’ ಎಂದು ಹೆಸರು. ಕಪ್ಪು ಮದ್ದಿನ ಬದಲು ಹೊಗೆ ಕಡಿಮೆಯ ಕಾರ್ಡೈಟ್ ಮದ್ದು ಬಂದಾಗ ಅದರ ಶಾಖಕ್ಕೆ ಮೆಟ್‌ಫೋರ್ಡ್ ನಳಿಗೆಯ ಒಳಗೆರೆಗಳು ಬೇಗ ಸವೆಯತೊಡಗಿದವು. ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್ ಕಾರ್ಖಾನೆ ಆಳವಾದ ಗೆರೆಗಳ ಹೊಸ ನಳಿಗೆಯನ್ನು ತಂದಿತು. ಹೀಗೆ 1895ರಲ್ಲಿ ‘ಲೀ ಎನ್‌ಫೀಲ್ಡ್’ ಹುಟ್ಟಿತು. ನಳಿಗೆಯ ವ್ಯಾಸ 0.303 ಅಂಗುಲ, ‘ತ್ರೀ ನಾಟ್ ತ್ರೀ’ ಎಂಬ ಹೆಸರಿನ ಗುಟ್ಟು ಇಷ್ಟೇ.

ಅದರ ಮ್ಯಾಗಝಿನ್‌ನಲ್ಲಿ 10 ಗುಂಡು ಹಿಡಿಯುತ್ತಿತ್ತು. ಆ ಕಾಲದ ಜರ್ಮನ್ ಮೌಸರ್‌ನಲ್ಲಿ ಐದೇ. ಬೋಲ್ಟ್ ಎಳೆದು ದೂಡುವುದಕ್ಕೆ ಹೆಚ್ಚು ಶ್ರಮವಿಲ್ಲ. ನಿಮಿಷಕ್ಕೆ 15 ಗುಂಡುಗಳನ್ನು 300 ಗಜ ದೂರದ ಗುರಿಗೆ ಹೊಡೆಯುವ ಅಭ್ಯಾಸ ಬ್ರಿಟಿಷ್ ಸೇನೆಯಲ್ಲಿತ್ತು. ಎರಡು ಮಹಾಯುದ್ಧಗಳನ್ನು ಕಂಡ ಈ ರೈಫಲ್ ಎಲ್ಲ ಮಾದರಿಗಳೂ ಸೇರಿ ಸುಮಾರು 1.7 ಕೋಟಿ ತಯಾರಾಗಿವೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು.

ಕೋಲ್ಕತ್ತಾದ ಉತ್ತರಕ್ಕೆ ಹೂಗ್ಲಿ ನದಿಯ ದಡದಲ್ಲಿರುವ ಇಛಾಪುರದ ರೈಫಲ್ ಕಾರ್ಖಾನೆ 20ನೇ ಶತಮಾನದ ಮೊದಲ ದಶಕದಲ್ಲಿ ಈ ಕೋವಿಯ ತಯಾರಿಕೆಗೆ ಇಳಿಯಿತು. ಗುಂಡುಗಳು ಬರುತ್ತಿದ್ದುದು ಪುಣೆಯ ಖಡ್ಕಿಯಿಂದ. 1869ರಲ್ಲಿ ಆರಂಭವಾದ ಖಡ್ಕಿಯ ಮದ್ದುಗುಂಡು ಕಾರ್ಖಾನೆಯ ‘ಕೆಎಫ್’ ಎಂಬ ಎರಡಕ್ಷರವನ್ನು ತೋಟೆಯ ತಳದಲ್ಲಿ ಕಂಡೊಡನೆ ಗುರುತಿಸುವ ಸಂಗ್ರಾಹಕರು ಸಾತ್ ಸಮುದ್ರದಾಚೆಯೂ ಇದ್ದಾರೆ. ಪುಣೆಯ ಕನ್ನಡಿಗರು ಲೋಕಲ್ ರೈಲಿನಲ್ಲಿ ದಿನವೂ ದಾಟುವ ನಿಲ್ದಾಣದ ಹೆಸರಿಗೆ ಇಂಥದೊಂದು ಖ್ಯಾತಿ ಉಂಟು!

1962ರ ಪಾಠ

ಸ್ವಾತಂತ್ರ್ಯಾನಂತರವೂ ನಮ್ಮ ಸೇನೆಯ ಕೈಯಲ್ಲಿದ್ದುದು ಇದೇ ಕೋವಿ. 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ನೇತೃತ್ವದಲ್ಲಿ 13 ಕುಮಾಊಂ ಬೆಟಾಲಿಯನ್ನಿನ ಸುಮಾರು 120 ಯೋಧರು ಕೊನೆಯುಸಿರಿನ ತನಕ ಹೋರಾಡಿದಾಗಲೂ ಅವರ ಬಳಿ ಇದ್ದುದು ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕಾದ ಈ .303 ರೈಫಲ್. ಎದುರಿದ್ದ ಚೀನೀ ಸೈನಿಕರಲ್ಲಿ ತಾನಾಗಿ ಗುಂಡು ತುಂಬಿಕೊಳ್ಳುವ ಕೋವಿಗಳಿದ್ದವು. ಆ ಯುದ್ಧದ ನಂತರ ಸೇನೆಯ ಶಸ್ತ್ರಗಳನ್ನು ಬದಲಿಸುವ ಕೆಲಸಕ್ಕೆ ವೇಗ ಬಂದಿತು. 7.62 ಮಿ.ಮೀ.ನ ಸೆಲ್ಫ್ ಲೋಡಿಂಗ್ ರೈಫಲ್ ಇಛಾಪುರದಲ್ಲಿ ತಯಾರಾಗತೊಡಗಿತು.

ಅದು ಎಲ್ಲರ ಕೈಗೂ ತಲುಪುವ ತನಕ ಮಧ್ಯೆ ಒಂದು ಆಸರೆ ಬೇಕಿತ್ತು. ಹಳೆಯ ಲೀ ಎನ್‌ಫೀಲ್ಡ್ ವಿನ್ಯಾಸಕ್ಕೇ ಹೆಚ್ಚು ಗಟ್ಟಿಯಾದ ಉಕ್ಕನ್ನು ಬಳಸಿ, 7.62ರ ಗುಂಡು ಹಾರಿಸುವ ‘2ಎ’ ಮತ್ತು ‘2ಎ1’ ಎಂಬ ಹೊಸ ರೈಫಲ್‌ಗಳನ್ನು ಇಛಾಪುರ 1960ರ ದಶಕದಲ್ಲಿ ಹೊರತಂದಿತು. ಹಳೆಯ .303ಗೆ ನಳಿಗೆ ಬದಲಿಸಿ ಮಾಡಿದ್ದು ಎಂದು ಅನೇಕರು ತಪ್ಪು ತಿಳಿದಿದ್ದಾರೆ. ಇವು ಹೊಸದಾಗಿಯೇ ತಯಾರಾದವು. ಜಗತ್ತಿನ ಇತರ ಸೇನೆಗಳು ಬೋಲ್ಟ್ ಕೋವಿಗೆ ವಿದಾಯ ಹೇಳುತ್ತಿದ್ದ ಕಾಲದಲ್ಲಿ ಹುಟ್ಟಿದ್ದರಿಂದಲೇ ಸಂಗ್ರಾಹಕರಿಗೆ ಇದರ ಮೇಲೆ ವಿಶೇಷ ಮೋಹ.

ಮುದ್ರೆಯಲ್ಲಿ ಇತಿಹಾಸ

ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನ ಉಗ್ರಾಣಗಳಲ್ಲಿ ಲಕ್ಷಗಟ್ಟಲೆ ಕೋವಿಗಳು ಉಳಿದುಹೋದವು. ಸ್ಯಾಮ್ಯುಯೆಲ್ ಕಮಿಂಗ್ಸ್‌ನಂಥ ವ್ಯಾಪಾರಿಗಳು ಅವನ್ನು ಸಗಟಾಗಿ ಕೊಂಡು ಅಮೆರಿಕದಲ್ಲಿ ಅಗ್ಗದ ಬೆಲೆಗೆ ಮಾರಿದರು. ಅಂಚೆಯಲ್ಲಿ ಹಣ ಕಳುಹಿಸಿದರೆ ಕೋವಿ ಮನೆಗೆ ಬರುತ್ತಿದ್ದ ಕಾಲವದು. 1963ರಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಗೆ ಬಳಕೆಯಾದದ್ದೂ ಹೀಗೆ ಅಂಚೆಯಲ್ಲಿ ತರಿಸಿದ ಇಟಲಿ ಸೇನೆಯ ಹಳೆಯ ರೈಫಲ್. ದುರ್ಬೀನು ಸಹಿತ ಅದರ ಬೆಲೆ 20 ಡಾಲರ್‌ಗೂ ಕಡಿಮೆ. 1968ರ ಕಾಯಿದೆ ಅಂಚೆ ಮಾರಾಟಕ್ಕೂ ಸೇನಾ ಕೋವಿಗಳ ಆಮದಿಗೂ ತಡೆಹಾಕಿತು. 1984ರ ತಿದ್ದುಪಡಿಯ ನಂತರ ಪುರಾತನ ಬೆಲೆಯುಳ್ಳ ಶಸ್ತ್ರಗಳಿಗೆ ಮತ್ತೆ ಬಾಗಿಲು ತೆರೆಯಿತು. 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಕೋವಿಗಳಿಗಾಗಿ ಅಲ್ಲಿ ಸಂಗ್ರಾಹಕರ ಪ್ರತ್ಯೇಕ ಪರವಾನಗಿಯಿದೆ. ಕೊಂಡದ್ದು, ಕೊಟ್ಟದ್ದು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕು.

ಇಛಾಪುರದ ಕೋವಿಗಳು ಈ ದಾರಿಯಲ್ಲೇ ಕಡಲು ದಾಟಿದವು. ಹಿಡಿಯ ಬಳಿಯ ಲೋಹದ ಮೇಲೆ ಕಿರೀಟ ಮತ್ತು ‘ಜಿಆರ್‌ಐ’ ಅಕ್ಷರಗಳಿದ್ದರೆ ಅದು ಜಾರ್ಜ್ ದೊರೆಯ ಕಾಲದ್ದು. ಅಶೋಕ ಸ್ತಂಭದ ಸಿಂಹಗಳಿದ್ದರೆ ಸ್ವತಂತ್ರ ಭಾರತದ್ದು. ಒಂದೇ ಕಾರ್ಖಾನೆ, ಅದೇ ಕೋವಿ. ನಡುವೆ ದೇಶವೇ ಬದಲಾದದ್ದನ್ನು ಬೆರಳಿನಿಂದ ಮುಟ್ಟಿ ನೋಡಬಹುದು. ಮುಂಭಾಗದ ಮರಕ್ಕೆ ತಾಮ್ರದ ತಂತಿಯನ್ನು ಸುತ್ತಿದ್ದರೆ ಅದು ಕೈಬಾಂಬನ್ನು ದೂರ ಎಸೆಯಲು ಬಳಸಿದ್ದು. ಆ ಒದೆತಕ್ಕೆ ಮರ ಸೀಳದಿರಲೆಂದು ಈ ಕಟ್ಟು. ಇನ್ನು ಕೆಲವಕ್ಕೆ ಮ್ಯಾಗಝಿನ್ ಜಾಗದಲ್ಲಿ ಮರದ ತುಂಡು ಇರುತ್ತದೆ. ಬ್ರಿಟಿಷರ ಕಾಲದಲ್ಲಿ ಪೊಲೀಸರಿಗೂ ಸೆರೆಮನೆಯ ಕಾವಲುಗಾರರಿಗೂ ಕೊಡಲೆಂದು .303ರ ನಳಿಗೆ ಬದಲಿಸಿ ಮಾಡಿದ .410 ಮಸ್ಕೆಟ್ ಅದು. ಒಮ್ಮೆಗೆ ಒಂದೇ ಗುಂಡು, ಅದೂ ಹೆಚ್ಚು ದೂರ ಹೋಗದು, ಸೇನೆಯ ತೋಟೆ ಅದರಲ್ಲಿ ಹಿಡಿಯದು. ತನ್ನ ಕಾವಲುಗಾರನನ್ನೇ ಸರಕಾರ ಎಷ್ಟು ನಂಬುತ್ತಿತ್ತು ಎಂಬುದಕ್ಕೆ ಆ ಮರದ ತುಂಡೇ ಸಾಕ್ಷಿ.

ಗುಂಡಿನ ನಂತರ ಬಿಸಿನೀರು

ಉಗ್ರಾಣದಿಂದ ಬರುವ ಹಳೆಯ ಕೋವಿಯ ಮೈತುಂಬ ತುಕ್ಕು ತಡೆಯಲು ಬಳಿದ ದಪ್ಪ ಕಂದು ಗ್ರೀಸು ಇರುತ್ತದೆ. ಬಿಸಿಲಿಗಿಟ್ಟು ಕರಗಿಸಿ, ಬಟ್ಟೆಯಿಂದ ದಿನಗಟ್ಟಲೆ ಒರೆಸಬೇಕು. ನಂತರವೂ ಅವಸರ ಸಲ್ಲದು. ಬೋಲ್ಟ್ ಮತ್ತು ಕೋವಿಯ ಸಂಖ್ಯೆ ಒಂದೇ ಇರಬೇಕು. ಪ್ರತಿ ಕೋವಿಗೂ ಅದರದೇ ಬೋಲ್ಟನ್ನು ಹೊಂದಿಸಿ ಕೂರಿಸಿರುತ್ತಾರೆ. ಬೇರೆಯದರ ಬೋಲ್ಟ್ ಹಾಕಿದರೆ ತೋಟೆಯ ಹಿಂದೆ ಸಂದು ಹೆಚ್ಚಾಗಿ ಅದು ಒಡೆದು ಬಿಸಿ ಅನಿಲ ಹಾರಿಸುವವನ ಮುಖಕ್ಕೇ ಬಡಿಯಬಹುದು. ಆದುದರಿಂದ ತಿಳಿದ ಕೋವಿ ಮೇಸ್ತ್ರಿಯಿಂದ ಅಳತೆ ಮಾಡಿಸದೆ ಯಾವ ಅನುಭವಿ ಸಂಗ್ರಾಹಕನೂ ಮೊದಲ ಗುಂಡು ಹಾರಿಸುವುದಿಲ್ಲ. ‘ಡಿಪಿ’ ಮುದ್ರೆಯದ್ದನ್ನು ಹಾರಿಸುವ ಮಾತೇ ಇಲ್ಲ.

ಹಳೆಯ ಸೇನಾ ತೋಟೆಗಳ ಕೇಪಿನಲ್ಲಿರುವ ರಾಸಾಯನಿಕ ಉರಿದ ಮೇಲೆ ನಳಿಗೆಯೊಳಗೆ ಉಪ್ಪಿನಂಥ ಶೇಷ ಉಳಿಯುತ್ತದೆ. ಗಾಳಿಯ ತೇವ ಹೀರಿ ಅದು ಉಕ್ಕನ್ನು ತಿನ್ನುತ್ತದೆ. ಎಣ್ಣೆಗೆ ಈ ಉಪ್ಪು ಕರಗದು, ನೀರಿಗೆ ಕರಗುತ್ತದೆ. ಆದ್ದರಿಂದ ಅಂದೇ ಸಂಜೆ ನಳಿಗೆಗೆ ಕುದಿನೀರು ಹೊಯ್ದು, ಒಣಗಿಸಿ, ಮತ್ತೆ ಎಣ್ಣೆ ಸವರಬೇಕು. ಹಿಂದಿನ ಸಿಪಾಯಿಗಳು ಮಾಡುತ್ತಿದ್ದುದೂ ಇದನ್ನೇ.

ಇಲ್ಲಿ ಮಾತ್ರ ಬೇಲಿ

ಇಷ್ಟೆಲ್ಲ ಓದಿ ‘ನಮಗೂ ಒಂದು ಸಿಕ್ಕೀತೇ’ ಎಂದು ಕೇಳುವವರಿಗೆ ಉತ್ತರ ಸ್ಪಷ್ಟ: ಭಾರತದಲ್ಲಿ ಇಲ್ಲ. ಸೇನೆಯ .303 ಮತ್ತು 7.62ರ ಗುಂಡು ಹಾರಿಸಬಲ್ಲ ರೈಫಲ್‌ಗಳು, ಆ .410 ಮಸ್ಕೆಟ್ ಕೂಡ, ಶಸ್ತ್ರ ನಿಯಮಗಳಲ್ಲಿ ನಿರ್ಬಂಧಿತ ವರ್ಗಕ್ಕೆ ಸೇರಿವೆ. ಸಾಮಾನ್ಯ ಪರವಾನಗಿಗೆ ಅವು ದೊರೆಯವು. ಇಲ್ಲಿನ ನಾಗರಿಕರಿಗಾಗಿ ಸರಕಾರಿ ಕಾರ್ಖಾನೆ ತಯಾರಿಸಿದ್ದು .315 ರೈಫಲ್, ಒಳಗಿನ ಯಂತ್ರ ಲೀ ಎನ್‌ಫೀಲ್ಡ್‌ನದೇ ಸಂತತಿ, ತೋಟೆ ಮಾತ್ರ ಬೇರೆ.

ಪೊಲೀಸರಿಗೆ ಮಾತ್ರ .303 ಬಹುಕಾಲ ಉಳಿಯಿತು. ಅದರ ಬೆಲೆ ಏನೆಂಬುದನ್ನು ಮುಂಬಯಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. 2008ರ ನವೆಂಬರ್ 26ರ ರಾತ್ರಿ ಸಿಎಸ್‌ಟಿ ನಿಲ್ದಾಣದಲ್ಲಿ ಎಕೆ 47 ಹಿಡಿದು ಬಂದ ಇಬ್ಬರು ಉಗ್ರರ ಎದುರು ನಮ್ಮ ಪೇದೆಗಳ ಬಳಿ ಇದ್ದುದು ಲಾಠಿ ಮತ್ತು ಇದೇ ಹಳೆಯ ರೈಫಲ್. ಊರಿಗೆ ಹೊರಟು ರೈಲಿಗಾಗಿ ಕಾಯುತ್ತಿದ್ದವರೂ ಸೇರಿ 50ಕ್ಕೂ ಹೆಚ್ಚು ಮಂದಿ ಅಲ್ಲಿ ಜೀವ ತೆತ್ತರು. ಒಂದು ಕಾಲದ ಶ್ರೇಷ್ಠ ಕೋವಿಯನ್ನು ಅದರ ಕಾಲ ಮುಗಿದ ಮೇಲೂ ಹೊರಿಸಿದ್ದಕ್ಕೆ ತೆತ್ತ ಬೆಲೆಯದು. ಆ ನಂತರ ನಗರದ ಪೊಲೀಸರಿಗೆ ಹೊಸ ಶಸ್ತ್ರಗಳು ಬಂದವು. ಉತ್ತರ ಪ್ರದೇಶದ ಪೊಲೀಸರು .303ಗೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಊರ ಮನೆಯ ಕೋವಿ

ಸೇನೆಯ ಕೋವಿ ಇಲ್ಲದಿದ್ದರೂ ಹಿರಿಯರ ಕೋವಿ ನಮ್ಮ ಅನೇಕ ಮನೆಗಳಲ್ಲಿದೆ. ಕೊಡಗಿನಲ್ಲಂತೂ ಅದು ಮನೆಯ ಸದಸ್ಯನಂತೆ. ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ನಂದು ಕೋವಿಗೆ ‘ತೋಕ್ ಪೂ’ ಮುಡಿಸಿ ಪೂಜಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ದೊರೆತ ವಿನಾಯಿತಿ ಇಂದಿಗೂ ಷರತ್ತುಗಳೊಂದಿಗೆ ಮುಂದುವರಿದಿದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ತನಕ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕಾರ್ಯಪ್ಪ, ತಿಮ್ಮಯ್ಯ ಅವರಂಥ ದಂಡನಾಯಕರ ನಾಡಿಗೆ ಇದು ಅಭಿಮಾನದ ವಿಷಯ.

ಕರಾವಳಿ, ಮಲೆನಾಡಿನ ತೋಟದ ಮನೆಗಳ ಕೇಪಿನ ಕೋವಿ, ಒಂಟಿ ನಳಿಗೆ, ಜೋಡುನಳಿಗೆಗಳ ಕಥೆ ಬೇರೆ. ಹಂದಿ, ಮಂಗಗಳಿಂದ ಬೆಳೆ ಕಾಯಲು ಅಜ್ಜ ಪರವಾನಗಿ ಪಡೆದಿರುತ್ತಾರೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಯ್ದು ಒಪ್ಪಿಸಿ ರಶೀದಿ ತರುತ್ತಾರೆ. ಅಜ್ಜ ತೀರಿಕೊಂಡ ಮೇಲೆ ಮಕ್ಕಳು ಮುಂಬಯಿಯಲ್ಲಿ, ಮೊಮ್ಮಕ್ಕಳು ಪುಣೆಯಲ್ಲಿ, ಕೋವಿ ಅಟ್ಟದಲ್ಲಿ. ಇಲ್ಲಿಯೇ ಎಚ್ಚರ ಬೇಕಾದದ್ದು. ಪರವಾನಗಿ ವ್ಯಕ್ತಿಯದು, ಮನೆಯದಲ್ಲ. ಪರವಾನಗಿದಾರ ತೀರಿಕೊಂಡರೆ ತಡಮಾಡದೆ ಕೋವಿಯನ್ನು ಠಾಣೆಯಲ್ಲೋ ಪರವಾನಗಿ ಉಳ್ಳ ಶಸ್ತ್ರ ವ್ಯಾಪಾರಿಯಲ್ಲೋ ಒಪ್ಪಿಸಬೇಕು. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಬಹುದು, ಇಲ್ಲವೇ ಕಾನೂನಿನಂತೆ ಮಾರಬಹುದು. 2016ರ ನಿಯಮಗಳಂತೆ ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಪಡೆದು 25 ವರ್ಷವಾದಾಗ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೋರಲು ಅವಕಾಶವಿದೆ. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ಹಿರಿಯರಿಂದ ಬಂದದ್ದಕ್ಕೂ ಈ ಮಿತಿ ಅನ್ವಯ. ಪರವಾನಗಿ ಇಲ್ಲದೆ ಅಟ್ಟದಲ್ಲಿ ಉಳಿದ ಕೋವಿ ನೆನಪಿನ ವಸ್ತುವಲ್ಲ, ಅಪರಾಧ.

ರಜೆಗೆ ಊರಿಗೆ ಹೋದಾಗ ಹಿರಿಯರ ಬಳಿ ಕುಳಿತು ಆ ಕೋವಿಯ ಕಾಗದಪತ್ರಗಳನ್ನು ಒಮ್ಮೆ ನೋಡುವುದು ಒಳಿತು. ಅದರೊಂದಿಗೆ ಅದರ ಕಥೆಯನ್ನೂ ಕೇಳಿ ಬರೆದಿಟ್ಟರೆ ಕೋವಿ ಕೈಬಿಟ್ಟು ಹೋದರೂ ಕಥೆ ಮನೆಯಲ್ಲೇ ಉಳಿಯುತ್ತದೆ. ಇನ್ನು ಯೋಧರ ಶಸ್ತ್ರಗಳನ್ನು ಕಣ್ಣಾರೆ ನೋಡಬಯಸುವವರಿಗೆ ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರು ಬೆಳೆದ ‘ಸನ್ನಿ ಸೈಡ್’ ಮನೆ 2021ರಿಂದ ಮ್ಯೂಸಿಯಂ ಆಗಿ ತೆರೆದಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ, ಎನ್‌ಸಿಸಿ ಮೈದಾನದಲ್ಲಿ ಅಪ್ಪನೋ ಅಮ್ಮನೋ ಹೊತ್ತ ಆ ನಾಲ್ಕು ಕಿಲೋ ಭಾರದ ಹಿಂದೆ ಎಷ್ಟೊಂದು ಜೀವಗಳಿದ್ದವು ಎಂಬುದನ್ನು ತಿಳಿಸಿ ಹೇಳುವುದು ಸುಲಭವಾದೀತು.