ಉಸಿರು ಎಣಿಸುವವರ ದಣಿವು

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ, ಧಾಯರಿ, ಕಿರ್ಕಟ್‌ವಾಡಿ, ನಾಂದೇಡ್ ಗ್ರಾಮಗಳ ಸುತ್ತ ಗೀಯನ್ ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್ ಕಾಣಿಸಿಕೊಂಡಿದ್ದು ಇಲ್ಲಿರುವ ನಮಗೆಲ್ಲ ನೆನಪಿದೆ. ಮನೆಮನೆಯಲ್ಲೂ ನೀರು ಕುದಿಸಿ ಕುಡಿದೆವು. ಕೆಲವೇ ವಾರಗಳಲ್ಲಿ ಶಂಕಿತ ರೋಗಿಗಳ ಸಂಖ್ಯೆ 200 ದಾಟಿತು. ಕಲುಷಿತ ನೀರಿನ ಬಗ್ಗೆ, ಪಾಲಿಕೆಯ ಬಗ್ಗೆ ಪತ್ರಿಕೆಗಳು ಸಾಕಷ್ಟು ಬರೆದವು. ಆದರೆ ವೆಂಟಿಲೇಟರ್ ಪಕ್ಕದಲ್ಲಿ ರಾತ್ರಿ ಕಳೆದವರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ.

ಜಿಬಿಎಸ್‌ನಲ್ಲಿ ದೇಹದ ರೋಗನಿರೋಧಕ ಶಕ್ತಿ ನಮ್ಮದೇ ನರಗಳ ಮೇಲೆ ತಿರುಗಿಬೀಳುತ್ತದೆ. ಸಾಮಾನ್ಯವಾಗಿ ಕಾಲಿನಿಂದ ಆರಂಭವಾಗುವ ನಿಶ್ಶಕ್ತಿ ಮೇಲೇರಿ, ಕೆಲವರಲ್ಲಿ ಉಸಿರಾಟದ ಸ್ನಾಯುಗಳನ್ನೂ ಹಿಡಿಯುತ್ತದೆ. ಅಂಥವರು ವಾರಗಟ್ಟಲೆ ವೆಂಟಿಲೇಟರ್‌ನಲ್ಲಿ ಇರಬೇಕಾಗುತ್ತದೆ. ಆದರೆ ಪ್ರಜ್ಞೆ ಇರುತ್ತದೆ, ಎಲ್ಲ ಕೇಳಿಸುತ್ತದೆ, ಭಯವೂ ಆಗುತ್ತದೆ. ಉಸಿರಿನ ಬಲ ತಿಳಿಯಲು ಒಂದು ಸರಳ ಪರೀಕ್ಷೆ ಇದೆ: ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತೀರಿ ಎಂದು ರೋಗಿಯನ್ನು ಕೇಳುವುದು. ಪುಣೆಯ ವಾರ್ಡುಗಳಲ್ಲಿ ಆ ಎಣಿಕೆ ಏಕ್, ದೋನ್, ತೀನ್ ಎಂದು ನಡೆಯುತ್ತದೆ. ನಿನ್ನೆ ಇಪ್ಪತ್ತು ಎಣಿಸಿದವರು ಇವತ್ತು ಎಂಟಕ್ಕೆ ನಿಂತರೆ ಓಡಾಟ ಶುರು.

ಹೀಗೆ ಉಸಿರಿನ ಲೆಕ್ಕ ಇಡುವವರಲ್ಲಿ ರೆಸ್ಪಿರೇಟರಿ ಥೆರಪಿಸ್ಟ್‌ಗಳೂ ಇದ್ದಾರೆ. ವೆಂಟಿಲೇಟರ್ ಹೊಂದಿಸುವುದು, ಕಫ ತೆಗೆಯುವುದು, ರಕ್ತದಲ್ಲಿನ ಆಮ್ಲಜನಕ ನೋಡುವುದು, ಯಂತ್ರದಿಂದ ರೋಗಿಯನ್ನು ನಿಧಾನವಾಗಿ ಬಿಡಿಸುವುದು ಅವರ ಕೆಲಸ. ಮಣಿಪಾಲದಲ್ಲಿ ಇದಕ್ಕೆ ಪದವಿ ಕೋರ್ಸ್ ಇದೆ. ಹಾಗೆ ಕಲಿತವರು ಕೆಲಸ ಹುಡುಕಿಕೊಂಡು ಹೊರ ರಾಜ್ಯಗಳಿಗೂ ಬರುತ್ತಾರೆ.

ನಮ್ಮ ಸೊಸೈಟಿಯಲ್ಲಿ ಬಾಗಲಕೋಟೆ ಕಡೆಯ ಅಂಥ ಒಬ್ಬ ಹುಡುಗಿ ಇದ್ದಾಳೆ. ರಾತ್ರಿ ಪಾಳಿ ಹನ್ನೆರಡು ಗಂಟೆ. ಬೆಳಿಗ್ಗೆ ಬರಬೇಕಾದವರು ಬಾರದಿದ್ದರೆ ಇನ್ನೂ ನಾಲ್ಕು. “ಅಲಾರಮ್ ನನ್ನ ಕೂಡ ಮನಿಗೂ ಬರ್ತೈತಿ ಅಣ್ಣಾ. ಕುಕ್ಕರ್ ಸೀಟಿ ಹೊಡದ್ರ ಸಾಕು, ಎದ್ದು ನಿಂತಿರ್ತೀನಿ” ಎನ್ನುತ್ತಾಳೆ. ಊರಿಗೆ ಫೋನ್ ಮಾಡುವುದನ್ನೂ ಕಡಿಮೆ ಮಾಡಿದ್ದಾಳೆ. ಮಾತಾಡಲು ಏನೂ ಉಳಿದಿರುವುದಿಲ್ಲವಂತೆ.

ಇದಕ್ಕೆ ಬರ್ನ್‌ಔಟ್ ಎಂಬ ಹೆಸರಿದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಮೂರು ಲಕ್ಷಣ ಹೇಳಿತು: ಶಕ್ತಿ ಪೂರ್ತಿ ಬತ್ತಿದ ಭಾವ, ಕೆಲಸದ ಮೇಲೆ ಬೇಸರ ಅಥವಾ ದೂರವಾದ ಮನಸ್ಸು, ತನ್ನಿಂದ ಕೆಲಸ ಆಗುತ್ತಿಲ್ಲವೆಂಬ ಅನಿಸಿಕೆ. ಇದನ್ನು ಅದು ಕಾಯಿಲೆ ಎನ್ನಲಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದಿತು. ಅಂದರೆ ಸರಿಪಡಿಸಬೇಕಾದ್ದು ಮೊದಲು ಕೆಲಸದ ವ್ಯವಸ್ಥೆಯನ್ನು.

ಸಾಫ್ಟ್‌ವೇರ್‌ನಲ್ಲಿ ನಮಗೂ ಆನ್‌ಕಾಲ್ ಪಾಳಿ ಇದೆ. ಏನೂ ಮಾಡಬೇಕಿಲ್ಲದ ಅಲರ್ಟ್ ಪದೇ ಪದೇ ಬಂದರೆ ಅದನ್ನು ತೆಗೆದುಹಾಕುವುದೇ ಒಂದು ಕೆಲಸ. ಇಲ್ಲದಿದ್ದರೆ ನಿಜವಾದ ಅಲರ್ಟ್ ಕಣ್ಣುತಪ್ಪುತ್ತದೆ ಎಂದು ಗೊತ್ತು. ವೆಂಟಿಲೇಟರ್ ರೋಗಿ ಕೆಮ್ಮಿದರೂ ಕೂಗುತ್ತದೆ, ನಳಿಕೆ ಕಳಚಿದರೂ ಕೂಗುತ್ತದೆ. ಪ್ರತಿ ಕೂಗಿಗೂ ಎದ್ದು ಹೋಗಲೇಬೇಕು. ಅಲಾರಮ್‌ಗಳಿಗೆ ಕಿವಿ ಮಂದವಾಗುವ ಅಪಾಯವನ್ನು ವೈದ್ಯಕೀಯ ಲೋಕವೂ ಗುರುತಿಸಿದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2014ರಲ್ಲೇ ಅಲಾರಮ್ ನಿರ್ವಹಣೆಯನ್ನು ರೋಗಿಗಳ ಸುರಕ್ಷತೆಯ ಗುರಿಗಳಲ್ಲಿ ಸೇರಿಸಿತು. ಒಬ್ಬರಿಗೆ ಎಷ್ಟು ಯಂತ್ರ, ಸತತ ಎಷ್ಟು ರಾತ್ರಿ ಎಂಬುದು ರೋಗಿಯ ಪ್ರಾಣದ ಪ್ರಶ್ನೆಯೂ ಹೌದು.

ನಮ್ಮಲ್ಲಿ 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ರೆಸಿಡೆಂಟ್ ವೈದ್ಯರಿಗೆ ವಾರಕ್ಕೆ 74 ಗಂಟೆ ಮೀರಬಾರದು, ಒಂದು ದಿನ ರಜೆ ಇರಬೇಕು ಎಂದು ಶಿಫಾರಸು ಮಾಡಿತು. 74 ಕೂಡ ಕಡಿಮೆಯೇನಲ್ಲ. ಆದರೂ ಅದೊಂದು ಲೆಕ್ಕ. ಉಸಿರಾಟ ತಂತ್ರಜ್ಞರನ್ನು ವೃತ್ತಿಪರರೆಂದು ಗುರುತಿಸುವ ಆಯೋಗ ಕಾಯ್ದೆ 2021ರಲ್ಲಿ ಬಂತು. ಅದರಲ್ಲಿರುವುದು ಶಿಕ್ಷಣ ಮತ್ತು ನೋಂದಣಿಯ ಮಾತು, ಪಾಳಿಯ ಗಂಟೆಗಳದ್ದಲ್ಲ. 2020ರ ಮಾರ್ಚ್ 22ರಂದು ನಾವೆಲ್ಲ ಬಾಲ್ಕನಿಯಲ್ಲಿ ನಿಂತು ತಟ್ಟಿದ ಚಪ್ಪಾಳೆಯಿಂದ ಡ್ಯೂಟಿ ಚಾರ್ಟ್ ಬದಲಾಗಲಿಲ್ಲ.

ಆಸ್ಪತ್ರೆ ಆರಿಸುವಾಗ ನಾವು ಬಿಲ್ ಕೇಳುತ್ತೇವೆ, ಇನ್ಶೂರೆನ್ಸ್ ಕೇಳುತ್ತೇವೆ. ರಾತ್ರಿ ಐಸಿಯುನಲ್ಲಿ ಎಷ್ಟು ವೆಂಟಿಲೇಟರ್‌ಗೆ ಎಷ್ಟು ಥೆರಪಿಸ್ಟ್, ಎಷ್ಟು ನರ್ಸ್ ಎಂದೂ ಕೇಳೋಣ. ಕೇಳುವವರು ಹೆಚ್ಚಾದರೆ ಉತ್ತರ ಸಿದ್ಧವಿಡಬೇಕಾಗುತ್ತದೆ. ಪರವೂರಿನಲ್ಲಿ ಒಂಟಿಯಾಗಿರುವ ಇಂಥವರು ನಿಮ್ಮ ಕಟ್ಟಡದಲ್ಲೂ ಇರಬಹುದು. ಹಬ್ಬದ ಊಟಕ್ಕೆ ಕರೆಯಿರಿ. ಬರಲಾಗದಿದ್ದರೆ ಡಬ್ಬಿ ಕಳಿಸಿ. ಆದರೆ ಮಧ್ಯಾಹ್ನಕ್ಕೆ ಮುಂಚೆ ಬೆಲ್ ಒತ್ತಬೇಡಿ. ಆಗಷ್ಟೇ ನಿದ್ದೆ ಹತ್ತಿರುತ್ತದೆ.